ಎಣಿಸುವ ಹಣ, ಎಣಿಸಲಾಗದ ಮನಿ

ಮಡಿಕೇರಿಯಿಂದ ವಿರಾಜಪೇಟೆಗೆ ಹೊರಟವರಿಗೆ ಬೇತ್ರಿಯಲ್ಲಿ ಕಾವೇರಿ ದಾಟುವ ಮೊದಲು ಸಿಗುವ ಊರು ಮೂರ್ನಾಡು. ನಾಪೋಕ್ಲು ಕಡೆಯ ರಸ್ತೆಯೂ ಇಲ್ಲಿಂದಲೇ ಕವಲೊಡೆಯುತ್ತದೆ. ಊರಿನ ಹೆಸರಿನಲ್ಲಿ ಇರುವುದು ಒಂದು ಸಂಖ್ಯೆ, ಒಂದು ನಾಮಪದ. ಮೂರು ಎಂದಮೇಲೆ ನಾಡು ಒಂದಲ್ಲ ಎಂಬುದು ಗೊತ್ತೇ ಇದೆ. ಅದಕ್ಕೆ ‘ಗಳು’ ಹಚ್ಚುವ ಅಗತ್ಯ ಯಾರಿಗೂ ಕಂಡಿಲ್ಲ. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯ ಹೆಸರೂ ಹಾಗೆಯೇ. ಹಳೆಯ ಕೊಡಗನ್ನು ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂದು ಎಣಿಸುವ ಕೊಡವರ ಲೆಕ್ಕವೂ ಹಾಗೆಯೇ.

ಈ ಊರಿನ ಮಕ್ಕಳ ಕಿವಿಗೆ ಶಾಲೆಗೆ ಸೇರುವ ಮೊದಲೇ ಎರಡು ಮೂರು ಭಾಷೆ ಬಿದ್ದಿರುತ್ತವೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಅಥವಾ ಯರವ. ಪೇಟೆಯಲ್ಲಿ, ಶಾಲೆಯಲ್ಲಿ ಕನ್ನಡ. ಅದರ ಮೇಲೆ ಇಂಗ್ಲಿಷ್. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007ರಲ್ಲಿ. ಹೀಗೆ ಮೂರನೆಯದೋ ನಾಲ್ಕನೆಯದೋ ಆಗಿ ಬರುವ ಭಾಷೆಯ ವ್ಯಾಕರಣದಲ್ಲಿ ಒಂದು ಪಾಠವಿದೆ: ಕೌಂಟಬಲ್ ನಾಮಪದ, ಅನ್‌ಕೌಂಟಬಲ್ ನಾಮಪದ. ಎಣಿಸಬಹುದಾದದ್ದು, ಎಣಿಸಲಾಗದ್ದು. ಪುಸ್ತಕ, ಪೆನ್ನು, ಹಸು ಒಂದು ಕಡೆ. ನೀರು, ಹಾಲು, ಮರಳು ಇನ್ನೊಂದು ಕಡೆ. ಪಾಠ ಸುಲಭ, ಅಭ್ಯಾಸದ ಪ್ರಶ್ನೆಗಳೂ ಸುಲಭ. ಆದರೂ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ದಾಟಿದವರ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಉಳಿದುಕೊಳ್ಳುವ ತಪ್ಪುಗಳಲ್ಲಿ ಹಲವು ಇದೇ ಪಾಠಕ್ಕೆ ಸೇರಿದವು.

ಯಾಕೆ ಹೀಗೆ? ಪಾಠದ ವಿವರಣೆಯೇ ಸೋರುತ್ತಿದೆ ಎಂಬುದು ಮೊದಲ ಉತ್ತರ. ‘ಎಣಿಸಲು ಸಾಧ್ಯವಾಗದ ವಸ್ತುವಿನ ಹೆಸರು ಅನ್‌ಕೌಂಟಬಲ್’ ಎಂದು ಗೈಡುಗಳು ಹೇಳುತ್ತವೆ, ಮುಂದಿನ ಸಾಲಿನಲ್ಲೇ ಮನಿ ಎಂಬ ಪದವನ್ನು ಆ ಪಟ್ಟಿಗೆ ಸೇರಿಸುತ್ತವೆ. ಕನ್ನಡದ ಮಗುವಿಗೆ ಹಣ ಎಂದರೆ ಎಣಿಸುವುದಕ್ಕೇ ಇರುವಂಥದ್ದು. ‘ಹಣ ಎಣಿಸಿ ಕೊಡು’ ಎಂಬುದು ದಿನಬಳಕೆಯ ಮಾತು. ಎಣಿಸಲಾಗದ್ದು ಎಂದು ಅದಕ್ಕೆ ಹೇಳಿಕೊಟ್ಟರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ನಂಬುವುದಿಲ್ಲ.

ಅಕ್ಕಿಯದೂ ಇದೇ ಕತೆ. ಅಕ್ಕಿಕಾಳನ್ನು ಎಣಿಸುವುದು ಬೇಸರದ ಕೆಲಸವೇ ಹೊರತು ಅಸಾಧ್ಯವಲ್ಲ. ಇಂಗ್ಲಿಷಿನಲ್ಲಿ ರೈಸ್ ಎಣಿಕೆಗೆ ಸಿಗದು, ಅದಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಬಟಾಣಿ ಎಣಿಕೆಗೆ ಸಿಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರ ತನ್ನ ‘ಲ್ಯಾಂಗ್ವೇಜ್’ ಪುಸ್ತಕದಲ್ಲಿ ಗೋಧಿ ಮತ್ತು ಓಟ್ಸ್ ಧಾನ್ಯಗಳನ್ನು ಅಕ್ಕಪಕ್ಕ ಇಟ್ಟದ್ದು ಇದನ್ನು ತೋರಿಸುವುದಕ್ಕೇ. ಎರಡೂ ಹೊಲದಲ್ಲಿ ಬೆಳೆಯುವ ಕಾಳು. ವೀಟ್ ಏಕವಚನ, ಓಟ್ಸ್ ಬಹುವಚನ. ಕಾಳಿನ ಗಾತ್ರದಲ್ಲಾಗಲಿ ಗುಣದಲ್ಲಾಗಲಿ ಇದಕ್ಕೆ ಕಾರಣವಿಲ್ಲ. ಗೆರೆ ಇರುವುದು ಭಾಷೆಯ ರೂಢಿಯಲ್ಲಿ. ಇಷ್ಟನ್ನು ಮೊದಲ ದಿನವೇ ಹೇಳಿಬಿಟ್ಟರೆ ಮಕ್ಕಳ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ರೂಢಿ ಎಂದಮೇಲೆ ಅದಕ್ಕೊಂದು ಚರಿತ್ರೆಯೂ ಇರಬೇಕು. ಬಟಾಣಿಗೆ ಹಿಂದಿನ ಇಂಗ್ಲಿಷ್ ಪದ ಪೀಸ್, ಅದೇ ಏಕವಚನ. ಕೊನೆಯ ಸಕಾರ ಬಹುವಚನದ್ದೆಂದು ಕೇಳುವವರ ಕಿವಿಗೆ ಕೇಳಿಸಿತು. 17ನೇ ಶತಮಾನದ ಹೊತ್ತಿಗೆ ಅದನ್ನು ಕತ್ತರಿಸಿ ಪೀ ಎಂಬ ಹೊಸ ಏಕವಚನವನ್ನು ಮಾಡಿಕೊಂಡರು. ಚೆರಿ ಹಣ್ಣಿನದೂ ಹೀಗೇ. ನಾರ್ಮನ್ ಫ್ರೆಂಚಿನಿಂದ ಬಂದ ಚೆರೀಸ್ ಎಂಬ ಏಕವಚನವನ್ನು ಬಹುವಚನವೆಂದು ತಿಳಿದು ಬಾಲ ಕತ್ತರಿಸಿದ್ದರಿಂದ ಚೆರಿ ಹುಟ್ಟಿತು.

ಆ ಚೆರಿ ಎಂಬ ಪದ ಇವತ್ತು ಮೂರ್ನಾಡಿನ ಪ್ರತಿ ಕಾಫಿ ಕಣದಲ್ಲೂ ಇದೆ. ಹಣ್ಣನ್ನು ಸಿಪ್ಪೆಸಹಿತ ಒಣಗಿಸಿದರೆ ಚೆರಿ, ಪಲ್ಪ್ ಮಾಡಿ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ: ಪೇಟೆಯ ಧಾರಣೆ ನಿಲ್ಲುವುದು ಈ ನಾಲ್ಕು ಹೆಸರಿನ ಮೇಲೆ, 50 ಕಿಲೊ ಮೂಟೆಯ ಲೆಕ್ಕದಲ್ಲಿ. ಒಂದು ಮೂಟೆ ಚೆರಿಯಲ್ಲಿ ಎಷ್ಟು ಕಿಲೊ ಕಾಫಿ ಬೇಳೆ ಸಿಗುತ್ತದೆ ಎಂಬುದು ಔಟ್‌ಟರ್ನ್. ಬೆಳೆಗಾರ ಮತ್ತು ವ್ಯಾಪಾರಿಯ ಚೌಕಾಸಿಯೆಲ್ಲ ಅದರ ಸುತ್ತಲೇ. ಈ ಮಾತುಕತೆಯಲ್ಲಿ ಯಾರೂ ಚೆರಿಯನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ‘ಚೆರಿ ಎಷ್ಟಿದೆ?’ ‘ಇಪ್ಪತ್ತು ಮೂಟೆ.’ ಬಹುವಚನದ್ದೆನಿಸಿದ ಸಕಾರ ಕಳಚಿ ಎಣಿಕೆಗೆ ಸಿಕ್ಕ ಪದವೊಂದು ಕಾಫಿ ವ್ಯಾಪಾರಕ್ಕೆ ಇಳಿದು ಮತ್ತೆ ರಾಶಿಯ ಪದವಾಗಿದೆ. ಎಣಿಕೆಯ ಪದಕ್ಕೂ ರಾಶಿಯ ಪದಕ್ಕೂ ನಡುವಿನ ಬೇಲಿ ಎರಡೂ ಕಡೆಗೆ ದಾಟುವಂಥದ್ದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಕೊಡಗಿನ ಮಕ್ಕಳಿಗೆ ಬೇಕಿಲ್ಲ.

ಪಾರಿಭಾಷಿಕ ಪದಗಳು ಬಂದದ್ದು ತಡವಾಗಿ. ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ 1924ರ ‘ದ ಫಿಲಾಸಫಿ ಆಫ್ ಗ್ರಾಮರ್’ ಪುಸ್ತಕದಲ್ಲಿ ಎಣಿಕೆಯ ಪದ, ರಾಶಿಪದ ಎಂಬ ವಿಂಗಡಣೆಯನ್ನು ವಿವರವಾಗಿ ಚರ್ಚಿಸಿದ. ಅದನ್ನು ತರಗತಿಗೆ ತಂದವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಇಬ್ಬರು. ಹೆರಾಲ್ಡ್ ಪಾಮರ್ 1938ರ ತನ್ನ ಪದವ್ಯಾಕರಣದಲ್ಲಿ ನಾಮಪದಗಳಿಗೆ ಈ ಗುರುತು ಹಾಕಿದ. ಅವನ ಜೊತೆ ದುಡಿದ ಎ.ಎಸ್. ಹಾರ್ನ್‌ಬಿ 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ನಿಘಂಟಿನಲ್ಲಿ ಅದನ್ನೇ ಮುಂದುವರಿಸಿದ. ಆ ನಿಘಂಟು 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದು, ಇವತ್ತು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ‘ಅಡ್ವಾನ್ಸ್ಡ್ ಲರ್ನರ್ಸ್’ ನಿಘಂಟಾಗಿ ಬೆಳೆಯಿತು. ಜಪಾನಿ ಭಾಷೆಯಲ್ಲಿ ಬಹುವಚನ ಕಡ್ಡಾಯವಲ್ಲ. ‘ಎ’, ‘ದ’ಗಳಂಥ ಪದಗಳೇ ಇಲ್ಲ. ಇಂಗ್ಲಿಷರ ಮಕ್ಕಳಿಗೆ ಈ ಗುರುತಿನ ಅಗತ್ಯವೇ ಇರಲಿಲ್ಲ. ಜಪಾನಿ ಕಲಿಕೆದಾರರಿಗಾಗಿ ಹುಟ್ಟಿದ ಈ ಉಪಕರಣ ಅದೇ ಕಾರಣಕ್ಕೆ ಕನ್ನಡಿಗರಿಗೂ ಹೊಂದುತ್ತದೆ.

ಹಾಗಾದರೆ ಕನ್ನಡದಲ್ಲಿ ಈ ವಿಂಗಡಣೆಯೇ ಇಲ್ಲವೇ? ಇಲ್ಲ ಎಂಬುದು ಸಾಮಾನ್ಯ ನಂಬಿಕೆ. ಇಂಗ್ಲಿಷಿನ ‘ಹೌ ಮೆನಿ’, ‘ಹೌ ಮಚ್’ ಎರಡಕ್ಕೂ ಕನ್ನಡದಲ್ಲಿ ‘ಎಷ್ಟು’ ಒಂದೇ. ‘ಮೆನಿ’, ‘ಮಚ್’ ಎರಡಕ್ಕೂ ‘ತುಂಬ’. ‘ಫ್ಯೂವರ್’, ‘ಲೆಸ್’ ಎರಡಕ್ಕೂ ‘ಕಡಿಮೆ’: ಜನ ಕಡಿಮೆ, ನೀರೂ ಕಡಿಮೆ. (ಫ್ಯೂವರ್, ಲೆಸ್ ಜಗಳ ಇಂಗ್ಲಿಷರಿಗೂ ಹಳೆಯದಲ್ಲ. ಎಣಿಕೆಯ ಪದಗಳಿಗೆ ಫ್ಯೂವರ್ ಚೆನ್ನ ಎಂದು ರಾಬರ್ಟ್ ಬೇಕರ್ ಎಂಬಾತ 1770ರಲ್ಲಿ ತನ್ನ ಅಭಿರುಚಿಯಾಗಿ ಬರೆದದ್ದು ಆಮೇಲೆ ನಿಯಮವಾಯಿತು.) ನಮ್ಮ ಶಾಲಾ ವ್ಯಾಕರಣವೂ ಈ ನಂಬಿಕೆಗೆ ಇಂಬು ಕೊಡುತ್ತದೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ, ಸಂಖ್ಯಾವಾಚಕ, ಪರಿಮಾಣವಾಚಕ ಎಂದೆಲ್ಲ ಭಾಗ ಮಾಡುವ ಅದು ಅಷ್ಟು, ಇಷ್ಟು, ಹಲವು, ಕೆಲವು ಎಲ್ಲವನ್ನೂ ಪರಿಮಾಣವಾಚಕ ಎಂಬ ಒಂದೇ ತಲೆಬರಹದಡಿ ಇಟ್ಟುಬಿಡುತ್ತದೆ.

ಆ ಪಟ್ಟಿಯಲ್ಲೇ ಉತ್ತರವಿದೆ. ‘ಅಷ್ಟು ನೀರು’ ಎನ್ನಬಹುದು, ‘ಅಷ್ಟು ಮರ’ ಎನ್ನಬಹುದು. ‘ಕೆಲವು ಮರ’ ಸರಿ. ‘ಕೆಲವು ನೀರು’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ‘ಹಲವು ಊರು’ ಉಂಟು, ‘ಹಲವು ಹಾಲು’ ಇಲ್ಲ. ಐದು ವರ್ಷದ ಮಗು ಕೂಡ ‘ಸ್ವಲ್ಪ ಹಾಲು ಕೊಡು’ ಎನ್ನುತ್ತದೆ, ‘ಕೆಲವು ಹಾಲು ಕೊಡು’ ಎನ್ನುವುದಿಲ್ಲ. ಅಂದರೆ ಗೆರೆ ಕನ್ನಡದಲ್ಲೂ ಇದೆ, ಮಗುವಿನ ನಾಲಿಗೆಗೆ ಅದು ಗೊತ್ತೂ ಇದೆ. ಅದಕ್ಕೊಂದು ಹೆಸರನ್ನು ಮಾತ್ರ ನಮ್ಮ ವ್ಯಾಕರಣ ಕೊಟ್ಟಿಲ್ಲ. ಕನ್ನಡವನ್ನು ಸಂಸ್ಕೃತದ ಚೌಕಟ್ಟಿನಿಂದ ಬಿಡಿಸಿ ಅದರ ನಡೆಯಲ್ಲೇ ನೋಡಬೇಕೆಂದು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಆ ವಾದದ ಬೆಲೆ ಇಂಥ ಸಣ್ಣ ಜಾಗಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈಗ ‘ಕೆಲವು’ ಎಂಬ ಒರೆಗಲ್ಲಿಗೆ ಪಾಠದ ಪದಗಳನ್ನು ಉಜ್ಜಿ ನೋಡಬಹುದು. ನೀರು, ಹಾಲು, ಮರಳು, ಉಪ್ಪು, ಧೈರ್ಯ: ಒಂದಕ್ಕೂ ‘ಕೆಲವು’ ಹತ್ತುವುದಿಲ್ಲ. ಇಂಗ್ಲಿಷಿನಲ್ಲೂ ಇವು ಎಣಿಕೆಗೆ ಸಿಗವು. ಎರಡು ಭಾಷೆ ಒಪ್ಪುವ ಈ ಜಾಗದಲ್ಲಿ ಕಲಿಸಲು ಹೆಚ್ಚೇನೂ ಇಲ್ಲ, ತಪ್ಪು ಮಾಡುವವರೂ ಇಲ್ಲ. ಸಲಹೆ, ಮಾಹಿತಿ, ಸುದ್ದಿ, ಸಾಮಾನು, ಕೆಲಸ, ಪೀಠೋಪಕರಣ: ಇವೆಲ್ಲಕ್ಕೂ ‘ಕೆಲವು’ ಸಲೀಸಾಗಿ ಹತ್ತುತ್ತದೆ. ‘ಕೆಲವು ಸಲಹೆ ಕೊಟ್ಟರು’, ‘ಎರಡು ಸುದ್ದಿ ಇದೆ’. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೆ ‘ಎರಡು ಲಗೇಜು’ ಎಂದೇ ಉತ್ತರ. ಇಂಗ್ಲಿಷಿನಲ್ಲಿ ಇದೇ ಅರ್ಥದ ಅಡ್ವೈಸ್, ಇನ್ಫರ್ಮೇಶನ್, ನ್ಯೂಸ್, ಲಗೇಜ್, ಫರ್ನಿಚರ್ ಒಂದೂ ಎಣಿಕೆಗೆ ಸಿಗದು. ತಪ್ಪು ಹುಟ್ಟುವುದು ಇಲ್ಲಿ, ಇಲ್ಲಿ ಮಾತ್ರ. ಅಡ್ವೈಸಸ್, ಇನ್ಫರ್ಮೇಶನ್ಸ್, ಎಕ್ವಿಪ್‌ಮೆಂಟ್ಸ್ ಎಂದು ಬರೆಯುವ ವಿದ್ಯಾರ್ಥಿ ದಡ್ಡನಲ್ಲ. ತನ್ನ ಭಾಷೆಯ ಎಣಿಕೆಯನ್ನು ನಂಬಿಗಸ್ತನಾಗಿ ಪಾಲಿಸುತ್ತಿದ್ದಾನೆ. ರಾಜ್ಯದ ಯಾವ ಪೇಟೆಗೆ ಹೋದರೂ ಅಂಗಡಿ ಬೋರ್ಡುಗಳ ಮೇಲೆ ‘ಫರ್ನಿಚರ್ಸ್’ ಕಾಣುವುದೂ ಇದರಿಂದಲೇ.

ವಿಚಿತ್ರವೆಂದರೆ ನಮ್ಮ ಪಾಠಗಳು ನೀರು, ಹಾಲು, ಮರಳಿನಲ್ಲೇ ಪುಟ ತುಂಬಿಸಿ, ಸಲಹೆ, ಮಾಹಿತಿಯ ಸರದಿ ಬಂದಾಗ ‘ಇವೂ ಅನ್‌ಕೌಂಟಬಲ್’ ಎಂಬ ಒಂದು ಸಾಲಿನಲ್ಲಿ ಮುಗಿಸುತ್ತವೆ. ಸಮಯ ಹೋಗಬೇಕಾದದ್ದು ಪೂರ್ತಿ ಉಲ್ಟಾ.

ಈ ತಪ್ಪು ಕನ್ನಡಿಗರ ಸ್ವತ್ತೇನೂ ಅಲ್ಲ. ಫ್ರೆಂಚಿನಲ್ಲಿ, ಜರ್ಮನ್‌ನಲ್ಲಿ ಮಾಹಿತಿಯ ಪದಕ್ಕೆ ಬಹುವಚನ ಸಹಜವಾಗಿ ಇದೆ. ಅಲ್ಲಿಯ ಮಕ್ಕಳೂ ಇನ್ಫರ್ಮೇಶನ್ಸ್ ಎಂದೇ ಬರೆದು ಕೆಂಪು ಗೆರೆ ಎಳೆಸಿಕೊಳ್ಳುತ್ತಾರೆ. ನೈಜೀರಿಯಾ, ಸಿಂಗಪುರಗಳ ಇಂಗ್ಲಿಷಿನಲ್ಲೂ ಫರ್ನಿಚರ್ಸ್, ಎಕ್ವಿಪ್‌ಮೆಂಟ್ಸ್ ಕೇಳಿಬರುತ್ತವೆ. ಮಾಹಿತಿ ಎಣಿಕೆಗೆ ಸಿಗದು ಎಂಬುದೇ ಇಂಗ್ಲಿಷಿನ ಒಂದು ವಿಶೇಷ ರೂಢಿ ಎನ್ನಬೇಕು. ಫರ್ನಿಚರ್ ಬಗ್ಗೆ ಡೇವಿಡ್ ಬಾರ್ನರ್ ಮತ್ತು ಜೆಸ್ಸಿ ಸ್ನೆಡೆಕರ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೂ ನಾಲ್ಕು ವರ್ಷದ ಮಕ್ಕಳಿಗೂ ಒಂದು ಕಡೆ ದೊಡ್ಡದೊಂದು, ಇನ್ನೊಂದು ಕಡೆ ಸಣ್ಣವು ಹಲವು ತೋರಿಸಿ, ಯಾರ ಬಳಿ ಹೆಚ್ಚಿದೆ ಎಂದು ಕೇಳಿದರು. ಟೂತ್‌ಪೇಸ್ಟಿನಂಥ ವಸ್ತುವಾದರೆ ಗಾತ್ರ ನೋಡಿ ಉತ್ತರ ಹೇಳಿದರು. ಫರ್ನಿಚರ್ ಆದರೆ ಸಂಖ್ಯೆ ನೋಡಿ ಹೇಳಿದರು. ವ್ಯಾಕರಣ ಎಣಿಸಬೇಡ ಎಂದರೂ ಮನಸ್ಸು ಎಣಿಸುತ್ತಲೇ ಇರುತ್ತದೆ.

ಇಲ್ಲಿ ಹಣದ ಪ್ರಶ್ನೆಗೆ ಮರಳಬೇಕು, ಅದು ಕನ್ನಡದಲ್ಲೇ ನಡೆದ ಕತೆ. ಹಣ ಎಂಬುದು ಮೊದಲು ಒಂದು ನಾಣ್ಯದ ಹೆಸರು, ಉಗುರಿನಷ್ಟೂ ಇಲ್ಲದ ಚಿನ್ನದ ನಾಣ್ಯ. 1638ರಿಂದ 1659ರವರೆಗೆ ಆಳಿದ ಮೈಸೂರಿನ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಕಂಠೀರಾಯ ಹಣ ಪ್ರಸಿದ್ಧ. ಅಂಥ ಹತ್ತು ಹಣಕ್ಕೆ ಒಂದು ವರಹದ ಲೆಕ್ಕ. ದುಡ್ಡು ತಾಮ್ರದ ನಾಣ್ಯ, ಕಾಸು ಅದಕ್ಕಿಂತ ಚಿಕ್ಕದು. ಹತ್ತು ಹಣ, ನಾಲ್ಕು ದುಡ್ಡು, ಮೂರು ಕಾಸು ಎಂದು ಎಣಿಸುತ್ತಿದ್ದ ಕಾಲ ಅದು. ನಾಣ್ಯಗಳು ಚಲಾವಣೆಯಿಂದ ಹೋದವು, ಹೆಸರುಗಳು ಸಂಪತ್ತಿನ ಸಾಮಾನ್ಯ ಅರ್ಥಕ್ಕೆ ಉಳಿದವು. ಇವತ್ತು ‘ಐದು ಹಣ ಕೊಡು’ ಎಂದರೆ ಯಾರಿಗೂ ಅರ್ಥವಾಗದು. ‘ಐದು ರೂಪಾಯಿ’ ಎನ್ನಬೇಕು. ‘ಮೂರು ಕಾಸಿನ ಬೆಲೆ ಇಲ್ಲ’, ‘ನಾಲ್ಕು ಕಾಸು ಕೂಡಿಡು’ ಎಂಬ ನುಡಿಗಟ್ಟುಗಳಲ್ಲಿ ಮಾತ್ರ ಹಳೆಯ ಎಣಿಕೆ ಕುಳಿತಿದೆ. ಎಣಿಕೆಯ ಪದ ರಾಶಿಪದವಾಗುವುದು ಹೇಗೆ ಎಂದು ತೋರಿಸಲು ಮೇಷ್ಟರು ಲಂಡನ್ನಿಗೆ ಹೋಗಬೇಕಾಗಿಲ್ಲ. ಮನಿ ಎಣಿಕೆಗೆ ಸಿಗದು, ರುಪೀ ಸಿಗುತ್ತದೆ ಎಂಬ ನಿಯಮವನ್ನು ಹಣ ಮತ್ತು ರೂಪಾಯಿಯ ಜೋಡಿಯೇ ವಿವರಿಸುತ್ತದೆ. ನಾವು ಹಣ ಎಣಿಸುವಾಗ ಎಣಿಸುವುದು ನೋಟನ್ನು.

ಒಂದೇ ಪದ ಎರಡೂ ಕಡೆ ನಿಲ್ಲುವುದೂ ಕನ್ನಡದಲ್ಲಿ ಧಾರಾಳ. ಕೊಡಗಿಗೆ ಹೆಸರು ತಂದ ಜೇನನ್ನೇ ನೋಡಿ. ‘ಆ ಮರದಲ್ಲಿ ಎರಡು ಜೇನು ಕಟ್ಟಿದೆ’ ಎಂದರೆ ಗೂಡು, ‘ಎರಡು ಜೇನು ಕಚ್ಚಿತು’ ಎಂದರೆ ಹುಳ, ‘ಸ್ವಲ್ಪ ಜೇನು ಹಾಕಿ ಕುಡಿ’ ಎಂದರೆ ತುಪ್ಪ. ಕೋಳಿ ಅಂಗಳದಲ್ಲಿದ್ದರೆ ಎರಡು ಕೋಳಿ, ಬಟ್ಟಲಿಗೆ ಬಂದರೆ ಇನ್ನಷ್ಟು ಕೋಳಿ. ಇಂಗ್ಲಿಷಿನ ಚಿಕನ್ ಸರಿಯಾಗಿ ಹೀಗೇ ನಡೆಯುತ್ತದೆ. ಹಂದಿಯ ವಿಷಯದಲ್ಲಿ ಮಾತ್ರ ಇಂಗ್ಲಿಷ್ ಬೇರೆ ದಾರಿ ಹಿಡಿಯಿತು: ಪ್ರಾಣಿಗೆ ಪಿಗ್, ಮಾಂಸಕ್ಕೆ ಫ್ರೆಂಚಿನಿಂದ ಬಂದ ಪೋರ್ಕ್. ಕೊಡವರ ಅಡುಗೆಮನೆಯಲ್ಲಿ ಪ್ರಾಣಿಯೂ ಪಂದಿ, ಪಂದಿ ಕರಿಯೂ ಪಂದಿಯದೇ.

ಮಳೆಗಂತೂ ಕೊಡಗಿನಲ್ಲಿ ಎರಡೂ ಲೆಕ್ಕವಿದೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಕ್ಷತ್ರದ ಹೆಸರಿನಲ್ಲಿ ಬರುವ ಮಳೆಗಳನ್ನು ರೈತರು ಒಂದೊಂದಾಗಿ ಎಣಿಸುತ್ತಾರೆ. ಒಂದೊಂದರ ಪಾಳಿ ಹದಿಮೂರು ಹದಿನಾಲ್ಕು ದಿನ. ಕಾಫಿ ಬೆಳೆಗಾರರಿಗೆ ಹೂಮಳೆ ಒಂದು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಇನ್ನೊಂದು. ಬಿದ್ದ ಮಳೆಯ ಪ್ರಮಾಣ ಹೇಳುವಾಗ ತೋಟದ ಮಾಪಕ ಇಂಚು ಮತ್ತು ಸೆಂಟಿನಲ್ಲಿ ಮಾತಾಡುತ್ತದೆ, ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮ ಕಡೆ ಎಷ್ಟು?’ ಎಂದು ಫೋನಿನಲ್ಲಿ ಕೇಳಿದರೆ ‘ಎಂಬತ್ತು ಸೆಂಟ್’ ಎಂಬ ಉತ್ತರ ಬರುತ್ತದೆ. ಮಳೆ ಎಂಬ ಪದವನ್ನು ಎತ್ತುವ ಪ್ರಮೇಯವೇ ಇಲ್ಲ.

ಅಳತೆಯ ಪದ ಇಟ್ಟು ರಾಶಿಯನ್ನು ಎಣಿಕೆಗೆ ತರುವುದು ಕನ್ನಡಕ್ಕೆ ಕಲಿಸಬೇಕಾದ ವಿದ್ಯೆಯಲ್ಲ. ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಅಕ್ಕಿ, ಒಂದು ಕಂತೆ ಸೊಪ್ಪು, ಒಂದು ಹೊರೆ ಸೌದೆ, ಎರಡು ಮೊಳ ಹೂವು, ಒಂದು ಚಿಪ್ಪು ಬಾಳೆಹಣ್ಣು. ಕೊಡಗಿನಲ್ಲಿ ಭತ್ತವನ್ನು ಬಟ್ಟಿಯಲ್ಲಿ ಅಳೆದರು, ಗದ್ದೆಯ ವಿಸ್ತಾರವನ್ನೂ ‘ಇಷ್ಟು ಬಟ್ಟಿ ಗದ್ದೆ’ ಎಂದೇ ಹೇಳಿದರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಶುರು ಮಾಡುವ ರೂಢಿ ಕನ್ನಡ ನಾಡಿನ ಹಲವು ಕಡೆ ಇದೆ: ಲಾಭ, ಎರಡು, ಮೂರು. ಇಂಗ್ಲಿಷಿನಲ್ಲಿ ಬ್ರೆಡ್ಡಿಗೆ ಲೋಫ್, ಸೋಪಿಗೆ ಬಾರ್, ಅಡ್ವೈಸಿಗೆ ಪೀಸ್ ಇಡುವುದು ಇದೇ ಉಪಾಯ. ಸಲಹೆಗೆ ‘ತುಂಡು’ ಯಾಕೆ ಎಂದು ಮಗು ಕೇಳಿದರೆ, ಸೊಪ್ಪಿಗೆ ಕಂತೆ ಬಂದಂತೆ ಎಂದು ಹೇಳಿ ಮುಂದೆ ಹೋಗಬಹುದು.

ಎಣಿಕೆಯ ವ್ಯಾಕರಣ ಭಾಷೆಯಿಂದ ಭಾಷೆಗೆ ಎಷ್ಟು ಬದಲಾಗುತ್ತದೆ ಎಂದು ಹುಡುಕಿದವರಲ್ಲಿ ಒಬ್ಬರಿಗೆ ಕೊಡಗಿನ ನಂಟಿದೆ. ಕೆನಡಾದಲ್ಲಿ ಹುಟ್ಟಿದ ಮರ್ರೆ ಎಮೆನೊ 1930ರ ದಶಕದಲ್ಲಿ ಇಲ್ಲಿಗೆ ಬಂದು ಕೊಡವ ತಕ್ಕಿನ ಕ್ಷೇತ್ರಕಾರ್ಯ ಮಾಡಿದರು. 1956ರಲ್ಲಿ ಅವರು ಬರೆದ ‘ಇಂಡಿಯಾ ಆ್ಯಸ್ ಎ ಲಿಂಗ್ವಿಸ್ಟಿಕ್ ಏರಿಯಾ’ ಪ್ರಬಂಧದಲ್ಲಿ, ಸಂಖ್ಯೆಯ ಜೊತೆ ವರ್ಗಸೂಚಕ ಪದವನ್ನು ಸೇರಿಸಿ ಎಣಿಸುವ ಪದ್ಧತಿ ಭಾರತದ ಆರ್ಯ, ದ್ರಾವಿಡ ಮತ್ತಿತರ ಭಾಷೆಗಳಲ್ಲಿ ಹೇಗೆ ಹಬ್ಬಿದೆ ಎಂಬ ವಿಸ್ತಾರವಾದ ಚರ್ಚೆ ಇದೆ. ಬಂಗಾಳಿಯಲ್ಲಿ ಸಂಖ್ಯೆಗೆ ‘ಟಾ’ ಹತ್ತುವುದು ಇದಕ್ಕೆ ಪರಿಚಿತ ಉದಾಹರಣೆ. ಮೆಕ್ಸಿಕೊದ ಯುಕಾಟೆಕ್ ಮಾಯಾ ಭಾಷೆಯಲ್ಲಿ ಮೇಣದ ಬತ್ತಿಯನ್ನು ‘ಒಂದು ಉದ್ದ ತೆಳು ಮೇಣ’ ಎಂದೇ ಎಣಿಸಬೇಕು. ಕನ್ನಡದ ಎಣಿಕೆ ಗಮನಿಸುವುದು ಇನ್ನೊಂದನ್ನು: ಎದುರಿಗಿರುವುದು ಮನುಷ್ಯನೋ ಅಲ್ಲವೋ. ಮೂರು ಹಸು, ಆದರೆ ಮೂವರು ಹುಡುಗರು. ಅಲ್ಲಿ ಬಹುವಚನ ಬಿಡುವಂತೆಯೇ ಇಲ್ಲ. ಇಂಗ್ಲಿಷ್ ಬಲ್ಲವನೊಬ್ಬ ಕನ್ನಡ ಕಲಿಯಲು ಬಂದು ‘ಮೂರು ಹುಡುಗರು’ ಎಂದಾಗ ನಮ್ಮ ಕಿವಿಗೆ ಆಗುವ ಕಸಿವಿಸಿ, ‘ಥ್ರೀ ಅಡ್ವೈಸಸ್’ ಕೇಳಿದಾಗ ಅವನಿಗೆ ಆಗುವಂಥದ್ದೇ.

ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳು ಈ ಕಸಿವಿಸಿಯನ್ನು ದಾಟಿ ನಮ್ಮ ನಡೆಗೆ ಹೊಂದಿಕೊಂಡಿವೆ. ಪ್ಯಾಂಟ್ಸ್ ಕಡ್ಡಾಯ ಬಹುವಚನ. ನಾವು ಸಕಾರ ಕತ್ತರಿಸಿ ಒಂದು ಪ್ಯಾಂಟು ಮಾಡಿಕೊಂಡೆವು, ಇಂಗ್ಲಿಷರು ಚೆರೀಸ್‌ಗೆ ಮಾಡಿದ್ದನ್ನೇ. ಸಾಕ್ಸ್, ಚಿಪ್ಸ್‌ನಲ್ಲಿ ಸಕಾರ ಉಳಿಸಿಕೊಂಡು ಅದನ್ನೇ ಏಕವಚನ ಮಾಡಿದೆವು: ‘ಒಂದು ಸಾಕ್ಸ್ ಕಾಣ್ತಿಲ್ಲ’. ಹೋಟೆಲಿನಲ್ಲಿ ‘ಎರಡು ಕಾಫಿ’ ಎಂದರೆ ಎರಡು ಲೋಟ, ‘ಬೈ ಟೂ ಕಾಫಿ’ ಎಂದರೆ ಒಂದು ಕಾಫಿ ಎರಡು ಲೋಟಕ್ಕೆ. ಇಂಗ್ಲಿಷಿನಲ್ಲೂ ಹೋಟೆಲಿನ ಮೇಜಿನ ಮುಂದೆ ಕೂತಾಗ ಕಾಫಿ ಎಣಿಕೆಯ ಪದವೇ, ‘ಟೂ ಕಾಫೀಸ್’. ಪುಸ್ತಕದ ಪಟ್ಟಿಯಲ್ಲಿ ಮಾತ್ರ ಅದು ಅನ್‌ಕೌಂಟಬಲ್ ಆಗಿ ಉಳಿದಿದೆ.

ಪದಗಳನ್ನು ಎರಡು ಪಟ್ಟಿಗಳಲ್ಲಿ ಕೂಡಿಹಾಕುವ ಪಾಠ ಇದಕ್ಕಾಗಿಯೇ ಬದಲಾಗಬೇಕು. ಒಳ್ಳೆಯ ಕಲಿಕೆಯ ನಿಘಂಟು ಗುರುತು ಹಾಕುವುದು ಪದಕ್ಕಲ್ಲ, ಒಂದೊಂದು ಅರ್ಥಕ್ಕೆ. ಪೇಪರ್ ಕಾಗದವಾದರೆ ಎಣಿಕೆಯಿಲ್ಲ. ದಿನಪತ್ರಿಕೆಯೋ ಪರೀಕ್ಷೆಯ ಪ್ರಶ್ನೆಪತ್ರಿಕೆಯೋ ಆದರೆ ಎಣಿಕೆಯಿದೆ. ಪೆಪ್ಪರ್ ಕರಿಮೆಣಸಾದರೆ ರಾಶಿ, ದಪ್ಪಮೆಣಸಿನಕಾಯಿಯಾದರೆ ಒಂದು, ಎರಡು. ವರ್ಕ್ ಕೆಲಸವಾದರೆ ರಾಶಿ, ಸಾಹಿತ್ಯಕೃತಿಯಾದರೆ ಎಣಿಕೆ. ತರಗತಿಯಲ್ಲಿ ಮೊದಲು ‘ಕೆಲವು’ ಹತ್ತುತ್ತದೆಯೇ ಎಂದು ಕನ್ನಡದಲ್ಲಿ ಕೇಳಬೇಕು. ಕನ್ನಡ, ಇಂಗ್ಲಿಷ್ ಒಪ್ಪಿದಲ್ಲಿ ನಿಲ್ಲದೆ ಮುಂದೆ ಸಾಗಬೇಕು. ಒಪ್ಪದ ಎರಡು ಮೂರು ಡಜನ್ ಪದಗಳನ್ನು ವಾಕ್ಯದೊಳಗೆ, ಅಳತೆಯ ಪದದ ಜೊತೆ ಮತ್ತೆ ಮತ್ತೆ ಹೇಳಿಸಬೇಕು, ಬರೆಸಬೇಕು. ಆ ಡಜನ್ನುಗಳಲ್ಲಿ ಎಕ್ಸ್‌ಪೀರಿಯನ್ಸ್ ಎಂಬ ಪದಕ್ಕೆ ಒಂದು ತಾಸು ಕೊಟ್ಟರೂ ನಷ್ಟವಿಲ್ಲ. ಮೂರ್ನಾಡಿನಲ್ಲಿ ಈ ಪಾಠ ಕಲಿತ ಹುಡುಗಿ ಬೆಂಗಳೂರಿನ ಕೆಲಸಕ್ಕೆ ಅರ್ಜಿ ಬರೆಯುವಾಗ ‘ಐದು ವರ್ಷದ ಅನುಭವ’ ಎನ್ನಲು ಅದನ್ನು ಏಕವಚನದಲ್ಲೇ ಬಿಡಬೇಕು. ಅದೇ ಪದಕ್ಕೆ ಸಕಾರ ಹಚ್ಚಿದರೆ, ಆಕೆ ದುಡಿದ ಕಾಲದ ಮಾತು ಹೋಗಿ, ಆಕೆಗೆ ಆದ ಬಿಡಿ ಬಿಡಿ ಅನುಭವಗಳ ಮಾತಾಗುತ್ತದೆ.